ಮಾನಿಟರ್ ಕೆಟ್ಟಿದೆ ಎನ್ನುವ ಮೊದಲು ಅದರ ಮೆನು ಬಟನ್ ಒತ್ತಿ

ಸಾಗರದ ನನ್ನ ಅಂಗಡಿಗೆ ರಿಪೇರಿಗೆಂದು ಬರುವ ಮಾನಿಟರ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಕೆಟ್ಟದ್ದು ಕೇಬಲ್ಲು, ಇಲ್ಲವೇ ಸಿಪಿಯು ಪೆಟ್ಟಿಗೆಯೊಳಗಿನ ರ‍್ಯಾಮ್, ಇಲ್ಲವೇ ಮನೆಯ ಮಕ್ಕಳು ಕೈಯಾಡಿಸಿ ಬಿಟ್ಟ ಒಂದು ಸೆಟ್ಟಿಂಗು. ತೊಂದರೆ ಎಲ್ಲಿದ್ದರೂ ಕಣ್ಣಿಗೆ ಬೀಳುವುದು ಪರದೆಯ ಮೇಲೆಯೇ, ಹಾಗಾಗಿ ದೂರೆಲ್ಲ ಮಾನಿಟರ್ ಮೇಲೆ. ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾನಿಟರ್ ತಂದವರಿಗೆ "ಇದು ಸರಿಯಾಗೇ ಇದೆ, ನೀವು ತರಬೇಕಿದ್ದದ್ದು ಪೆಟ್ಟಿಗೆ" ಎಂದು ಹೇಳುವಾಗ ಸಂಕಟವಾಗುತ್ತದೆ. ಎಲ್ಲೋ ಒಂದು ಕಡೆ "ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ" ಎಂಬ ಮಾತು ನಂಬಿ, ಸಾಲ ಮಾಡಿ ಹೊಸದನ್ನು ತಂದು, ಅದರಲ್ಲೂ ಚಿತ್ರ ಬಾರದಿದ್ದಾಗ ನನ್ನ ಬಳಿ ಬರುವವರನ್ನು ಕಂಡರೆ ಸಿಟ್ಟೇ ಬರುತ್ತದೆ. ಅವರ ಮೇಲಲ್ಲ, ನೋಡದೆ ಹಾಗೆ ಹೇಳಿದವರ ಮೇಲೆ.

ಬಿಚ್ಚುವ ಕೆಲಸ ನಮಗಿರಲಿ. ಆದರೆ ತಪ್ಪು ಮಾನಿಟರಿನದೋ ಅಲ್ಲವೋ ಎಂದು ಗೊತ್ತುಮಾಡಿಕೊಳ್ಳಲು ಸ್ಕ್ರೂ ಡ್ರೈವರ್ ಬೇಕಿಲ್ಲ. ಯಾರ ಮನೆಯಲ್ಲಾದರೂ, ಯಾರಾದರೂ ಮಾಡಬಹುದು.

ಮಾನಿಟರ್‌ನ ಕೆಳ ಅಂಚಿನಲ್ಲೋ ಬೆನ್ನಿನಲ್ಲೋ ಒಂದು ಸಾಲು ಸಣ್ಣ ಬಟನ್‌ಗಳಿರುತ್ತವೆ. ಅದರಲ್ಲಿ ಮೆನು ಎಂಬುದನ್ನು ಒತ್ತಿದರೆ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್ ಎಂದೆಲ್ಲ ಬರೆದ ಪುಟ್ಟ ಚೌಕವೊಂದು ಪರದೆಯ ಮೇಲೆ ಮೂಡುತ್ತದಲ್ಲ, ಅದನ್ನು ಕಂಪ್ಯೂಟರ್ ಕಳಿಸುವುದಿಲ್ಲ. ಮಾನಿಟರ್ ಒಳಗಿರುವ ಸ್ಕೇಲರ್ ಎಂಬ ಚಿಪ್ ತಾನೇ ಬರೆದುಕೊಳ್ಳುತ್ತದೆ. ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ. ಚಿತ್ರ ಹಾಳಾಗಿದ್ದು ಮೆನು ಮಾತ್ರ ನಿಚ್ಚಳವಾಗಿ, ಸರಿಯಾದ ಬಣ್ಣದಲ್ಲಿ ಬಂದರೆ ಮಾನಿಟರ್‌ಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕೇಬಲ್ ಮತ್ತು ಕಂಪ್ಯೂಟರ್ ಕಡೆ ನೋಡಬೇಕು. ಮೆನುವಿನ ಮೇಲೂ ಅದೇ ಗೆರೆ, ಅದೇ ನಡುಕ, ಅದೇ ಬಣ್ಣಗೇಡು ಇದ್ದರೆ ತಪ್ಪು ಮಾನಿಟರ್ ಒಳಗೇ ಇದೆ. ಫೋನಿನಲ್ಲಿ ಯಾರೇ ದೂರು ಹೇಳಲಿ, ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಪೇಟೆಯ ಡಿಟಿಪಿ ಸೆಂಟರ್ ಒಂದರ ಹುಡುಗಿ ಒಮ್ಮೆ ಸಂಜೆ ಹೊತ್ತಿಗೆ ಫೋನ್ ಮಾಡಿದಳು.

"ಅಣ್ಣಾ, ಸ್ಕ್ರೀನ್ ಪೂರ್ತಿ ಹಳದಿ ಆಗೋಗಿದೆ. ನಾಳೆ ಬೆಳಿಗ್ಗೆ ಮದುವೆ ಕಾಗದ ಕೊಡ್ಬೇಕು."

"ಗಾಬರಿಯಾಗ್ಬೇಡಮ್ಮ. ಮೆನು ಒತ್ತು. ಅದರ ಅಕ್ಷರ ಬಿಳಿ ಇದ್ಯಾ, ಅದೂ ಹಳದಿಯಾ?"

"ಅದು ಬೆಳ್ಳಗೇ ಇದೆ."

"ಹಾಗಾದ್ರೆ ಮಾನಿಟರ್ ಬಿಡು. ಕಂಪ್ಯೂಟರ್ ಆಫ್ ಮಾಡಿ ಹಿಂದಿನ ನೀಲಿ ತಲೆಯ ಕೇಬಲ್ ಬಿಚ್ಚಿ, ಒಳಗಿನ ಸೂಜಿಗಳನ್ನ ನೋಡು."

ಮೇಲಿನ ಸಾಲಿನ ಮೂರನೆಯ ಸೂಜಿ ಮಡಚಿಕೊಂಡಿತ್ತು. ಬೆಳಿಗ್ಗೆ ಕಸ ಗುಡಿಸುವಾಗ ಕಳಚಿದ ಕೇಬಲನ್ನು ಯಾರೋ ವಾರೆಯಾಗಿ ಒತ್ತಿ ತೂರಿಸಿದ್ದರು. ಆ ನೀಲಿ ತಲೆಯದ್ದು ವಿಜಿಎ ಕೇಬಲ್. ಐಬಿಎಂ ಕಂಪನಿ 1987ರಲ್ಲಿ ತಂದದ್ದು. ಮೂರು ಸಾಲಿನಲ್ಲಿ 15 ಸೂಜಿಗಳ ಜಾಗ. ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು, ಮೂರನೆಯದರಲ್ಲಿ ನೀಲಿ ಬಣ್ಣದ ಸಂಕೇತ ಹರಿಯುತ್ತದೆ. ನೀಲಿ ನಿಂತರೆ ಬಿಳಿಯೆಲ್ಲ ಹಳದಿ, ನೀಲಿ ಅಕ್ಷರಗಳೆಲ್ಲ ಕಪ್ಪು. ಹಸಿರು ನಿಂತರೆ ಪರದೆ ನೇರಳೆಗೆಂಪು. ಕೆಂಪು ನಿಂತರೆ ಹಸಿರು–ನೀಲಿ ಕೂಡಿದ ತಿಳಿಬಣ್ಣ. ಪರದೆಯ ಬಣ್ಣ ನೋಡಿಯೇ ಯಾವ ತಂತಿ ಹೋಗಿದೆ ಎಂದು ಹೇಳಬಹುದು. ಮಡಚಿದ ಸೂಜಿಯನ್ನು ಕ್ಲಚ್ ಪೆನ್ಸಿಲ್ಲಿನ ಲೋಹದ ತುದಿಯೊಳಗೆ ತೂರಿಸಿ ನಿಧಾನವಾಗಿ ನೆಟ್ಟಗೆ ಮಾಡಬಹುದು. ಅವಳು ಹಾಗೇ ಮಾಡಿ, ಕಾಗದ ಮುಗಿಸಿದಳು. ನಡುವಿನ ಸಾಲಿನಲ್ಲಿ ಒಂದು ಸೂಜಿ ಇಲ್ಲದಿದ್ದರೆ ಹೆದರಬೇಡಿ. ಎಷ್ಟೋ ಕೇಬಲ್‌ಗಳಲ್ಲಿ 9ನೆಯ ಸೂಜಿಯನ್ನು ತಯಾರಿಸುವಾಗಲೇ ಬಿಟ್ಟಿರುತ್ತಾರೆ.

ಕೇಬಲ್ ಸರಿ ಇದ್ದು, ಮೆನುವೂ ಬಿಳಿ ಇದ್ದು, ಆದರೂ ಸಂಜೆಯಾಗುತ್ತಲೇ ಪರದೆ ಹಳದಿಗೆ ತಿರುಗುತ್ತದೆ ಎಂದರೆ ವಿಂಡೋಸ್‌ನ ನೈಟ್ ಲೈಟ್ ಆನ್ ಆಗಿದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು ಅದನ್ನು ಆಫ್ ಮಾಡಿದರೆ ಮುಗಿಯಿತು.

ಇಂಟೆಲ್, ಎಎಂಡಿ ಸೇರಿದಂತೆ ದೊಡ್ಡ ಕಂಪನಿಗಳು 2015ರೊಳಗೆ ವಿಜಿಎಯನ್ನು ಕೈಬಿಡುತ್ತೇವೆಂದು 2010ರಲ್ಲೇ ಹೇಳಿದ್ದವು. ನಮ್ಮ ಕಡೆಯ ಸೊಸೈಟಿ, ಶಾಲೆ, ಅಡಿಕೆ ಮಂಡಿಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿ ಕುಳಿತಿದೆ. ಹೊಸ ಸಿಪಿಯುಗೆ ಎಚ್‌ಡಿಎಂಐ ಮಾತ್ರ, ಹಳೆಯ ಮಾನಿಟರ್‌ಗೆ ವಿಜಿಎ ಮಾತ್ರ. ನಡುವೆ ಒಂದು ಕನ್ವರ್ಟರ್. ಈ ಕನ್ವರ್ಟರ್ ಬರೀ ತಂತಿಯಲ್ಲ. ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಚಿಪ್ ಅದರೊಳಗಿದೆ, ಅದು ಬಿಸಿಯಾಗುತ್ತದೆ, ಸಾಯುತ್ತದೆ. ಅರ್ಧ ಗಂಟೆ ಚಿತ್ರ ಬಂದು ಆಮೇಲೆ ನಿಂತುಹೋಗುವ ಕಡೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಈಗ ಪರದೆ ಪೂರ್ತಿ ಕಪ್ಪಾದವರ ವಿಷಯ. ಮಾನಿಟರ್‌ಗೆ ಕರೆಂಟ್ ಇರಲಿ, ಚಿತ್ರದ ಕೇಬಲ್ ಒಂದನ್ನೇ ಕಳಚಿ, ಮಾನಿಟರ್ ಆಫ್ ಮಾಡಿ ಆನ್ ಮಾಡಿ. 'ನೋ ಸಿಗ್ನಲ್' ಎಂದೋ 'ಚೆಕ್ ಕೇಬಲ್' ಎಂದೋ ಬರೆದು ಬಂದರೆ, ಅಷ್ಟು ಬರೆಯುವುದಕ್ಕೆ ಅದರ ಪವರ್ ಸಪ್ಲೈ, ಬೆಳಕು, ಪ್ಯಾನೆಲ್ ಮೂರೂ ಸರಿ ಇರಲೇಬೇಕು. ಇನ್ನು ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಕಂಪ್ಯೂಟರ್ ಜೀವಂತವಾಗಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಒಮ್ಮೊಮ್ಮೆ ಅಷ್ಟರಿಂದಲೇ ಚಿತ್ರ ಬರುತ್ತದೆ. ಪ್ರೊಜೆಕ್ಟರ್‌ಗೆ ಜೋಡಿಸಿ ತೆಗೆದ ಮೇಲೆ ಕಪ್ಪಾಗಿದ್ದರೆ ವಿಂಡೋಸ್ ಜೊತೆ ಪಿ ಒತ್ತಿ ಮೊದಲಿನ ಪರದೆಗೆ ಮರಳಿಸಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಕಂಪ್ಯೂಟರ್ ಆದರೆ, ಕೇಬಲ್ ಚುಚ್ಚಿರುವುದು ಕಾರ್ಡಿಗೋ ಮದರ್‌ಬೋರ್ಡಿಗೋ ನೋಡಿ. ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ.

ಕ್ಯಾಪ್ಸ್ ಲಾಕ್ ದೀಪವೂ ಅಲುಗಾಡದೆ, ಫ್ಯಾನ್ ಮಾತ್ರ ತಿರುಗುತ್ತಿದ್ದರೆ? ಮಲೆನಾಡಿನಲ್ಲಿ, ಅದೂ ಜುಲೈ–ಆಗಸ್ಟ್‌ನಲ್ಲಿ, ನಾನು ಕಣ್ಣುಮುಚ್ಚಿ ರ‍್ಯಾಮ್ ಎನ್ನುತ್ತೇನೆ. ಗೋಡೆಯೇ ಬೆವರುವ ಮಳೆಗಾಲದಲ್ಲಿ ರ‍್ಯಾಮ್ ಪಟ್ಟಿಯ ಕೆಳಗಿನ ಬಂಗಾರ ಬಣ್ಣದ ಹಲ್ಲುಗಳ ಮೇಲೆ ಕಣ್ಣಿಗೂ ಕಾಣದಂಥ ಕೊಳೆ ಕೂರುತ್ತದೆ. ಪ್ಲಗ್ ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ಕರೆಂಟ್ ಇಳಿಸಿ, ಕೈಯನ್ನು ಪೆಟ್ಟಿಗೆಯ ಕಬ್ಬಿಣಕ್ಕೆ ಮುಟ್ಟಿಸಿ, ರ‍್ಯಾಮ್ ತೆಗೆದು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಹಗುರವಾಗಿ ಉಜ್ಜಬೇಕು. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು, ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಬೇಕು. 'ಮಾನಿಟರ್ ಹೋಯ್ತು' ಎಂದು ಬಂದ ಎಷ್ಟೋ ದೂರುಗಳು ಐದು ರೂಪಾಯಿಯ ರಬ್ಬರಿನಿಂದ ಸರಿಹೋಗಿವೆ.

ಇನ್ನು ನಿಜಕ್ಕೂ ಮಾನಿಟರ್ ಕೆಟ್ಟಾಗ. ಪವರ್ ದೀಪ ಇದೆ, 'ನೋ ಸಿಗ್ನಲ್' ಕೂಡ ಬರುವುದಿಲ್ಲ, ಪೂರ್ತಿ ಕತ್ತಲು. ಕೋಣೆಯ ದೀಪ ಆರಿಸಿ, ಕಂಪ್ಯೂಟರ್ ಆನ್ ಇರುವಾಗ, ಮೊಬೈಲ್ ಟಾರ್ಚನ್ನು ಪರದೆಗೆ ತೀರ ಹತ್ತಿರ ಹಿಡಿದು ವಾರೆಯಾಗಿ ಬೆಳಕು ಬಿಡಿ. ಐಕಾನ್‌ಗಳು, ಕಿಟಕಿಗಳು ಮಸುಕಾಗಿ ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಅದರ ಹಿಂದಿನ ಬೆಳಕು ಮಾತ್ರ ಆರಿದೆ. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದಿನ ದೀಪ ಆರಿದರೂ ಗೊಂಬೆ ಆಡುತ್ತಲೇ ಇರುತ್ತದಲ್ಲ, ಹಾಗೆ. ಎಲ್‌ಇಡಿ ಮಾನಿಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್ಲೇ. ಅದಕ್ಕೆ ಸ್ವಂತ ಬೆಳಕಿಲ್ಲ. ಅದರೊಳಗಿನ ದ್ರವಸ್ಫಟಿಕ ಎಂಬ ವಸ್ತುವಿನ ವಿಚಿತ್ರ ಗುಣ ಮೊದಲು ಕಂಡದ್ದು 1888ರಲ್ಲಿ, ಫ್ರೀಡ್ರಿಶ್ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞನಿಗೆ. ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲ್‌ನಲ್ಲಿ ಮಾಡಿದ ಒಂದು ವಸ್ತು ಸುಮಾರು 145 ಡಿಗ್ರಿಗೆ ಕರಗಿ ಮಬ್ಬು ದ್ರವವಾಗಿ, 178 ಡಿಗ್ರಿಯ ಸುಮಾರಿಗೆ ಮತ್ತೆ ತಿಳಿಯಾಯಿತು. ಎರಡು ಸಲ ಕರಗುವ ಆ ವಸ್ತುವಿನ ವಂಶದವೇ ಇವತ್ತು ಪರದೆಯೊಳಗೆ ಕರೆಂಟಿಗೆ ತಕ್ಕಂತೆ ಬೆಳಕನ್ನು ಬಿಡುತ್ತ, ತಡೆಯುತ್ತ ಇರುತ್ತವೆ.

ಹಳೆಯ ಮಾನಿಟರ್‌ಗಳಲ್ಲಿ ಹಿಂದಿನ ಬೆಳಕಿಗೆ ಸಣ್ಣ ಟ್ಯೂಬ್‌ಲೈಟ್‌ಗಳಿದ್ದವು. ಆನ್ ಮಾಡಿದ ಕೂಡಲೇ ಒಂದೆರಡು ಸೆಕೆಂಡ್ ಚಿತ್ರ ಬಂದು ಕಪ್ಪಾದರೆ, ಟ್ಯೂಬ್ ಸವೆದಿದೆ ಅಥವಾ ಅದಕ್ಕೆ ಹೈ ವೋಲ್ಟೇಜ್ ಕೊಡುವ ಇನ್ವರ್ಟರ್ ಬೋರ್ಡ್ ಸೋತು ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ. ಈಗಿನವುಗಳಲ್ಲಿ ಎಲ್‌ಇಡಿ ಪಟ್ಟಿ. ಪಟ್ಟಿಯ ಎಲ್‌ಇಡಿಗಳು ಒಂದರ ಹಿಂದೆ ಒಂದು ಸಾಲಾಗಿ ಕೂಡಿಕೊಂಡಿರುತ್ತವೆ, ಒಂದೊಂದಕ್ಕೆ ಮೂರು ವೋಲ್ಟ್ ಆಸುಪಾಸು. ಒಂದು ಸುಟ್ಟು ದಾರಿ ಕಡಿದರೆ ಸಾಲಿಗೆ ಸಾಲೇ ಕತ್ತಲು. ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದು ನಿಜದಲ್ಲಿ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪ. ಆ ನೀಲಿ ಬೆಳಕನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನಿನಲ್ಲೇ ಹುಟ್ಟಿದ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಲೇಪ ಹಾಳಾದ ಹಳೆಯ ಪಟ್ಟಿ ಅದಕ್ಕೇ ನೀಲಿಗಟ್ಟುತ್ತದೆ, ಆಗ ಮೆನು ಕೂಡ ನೀಲಿಯಾಗಿಯೇ ಕಾಣುತ್ತದೆ. ಪಟ್ಟಿ ಬದಲಾಯಿಸಬಹುದು. ಟಾರ್ಚ್ ಬೆಳಕಿನಲ್ಲಿ ಚಿತ್ರ ಕಂಡ ಮಾನಿಟರನ್ನು ಯಾರಾದರೂ "ಗುಜರಿಗೆ ಹಾಕಿ" ಎಂದರೆ ಇನ್ನೊಂದು ಅಂಗಡಿಗೆ ಕೇಳಿ.

ನನಗೆ ತೀರ ಇಷ್ಟದ ಕೆಲಸ ಕೆಪಾಸಿಟರ್ ಬದಲಾಯಿಸುವುದು. "ಬೆಳಿಗ್ಗೆ ಆನೇ ಆಗಲ್ಲ ಮಾರಾಯ್ರೆ, ಹತ್ತು ಸಲ ಒತ್ತಿದ ಮೇಲೆ ಬರತ್ತೆ, ಒಂದ್ಸಲ ಬಂದ್ರೆ ಸಂಜೆ ತನಕ ಚೆನ್ನಾಗಿರತ್ತೆ" ಎಂದು ಮಂಡಿಯ ಗುಮಾಸ್ತರು ಹೇಳಿದರೆ ಸಾಕು, ಬಿಚ್ಚುವ ಮೊದಲೇ ಗೊತ್ತು. ಬೆನ್ನಿನ ಮುಚ್ಚಳ ತೆಗೆದರೆ ಪವರ್ ಬೋರ್ಡಿನ ಮೇಲೆ ನಿಂತ ಸಣ್ಣ ಡಬ್ಬಿಗಳು ಕಾಣುತ್ತವೆ. ಅವುಗಳ ನೆತ್ತಿಯ ಮೇಲೆ ಅಡ್ಡಗೆರೆಯಂತೆ ಕೊರೆದ ಗುರುತು. ಒಳಗೆ ಒತ್ತಡ ಹೆಚ್ಚಿದರೆ ಸಿಡಿಯುವ ಬದಲು ಅಲ್ಲಿ ಬಿರಿಯಲಿ ಎಂದು ಆ ಗುರುತು. ಒಳ್ಳೆಯದರ ನೆತ್ತಿ ಚಪ್ಪಟೆ. ಕೆಟ್ಟದ್ದು ಉಬ್ಬಿರುತ್ತದೆ, ಗೆರೆಯ ನಡುವೆ ಕಂದು ಬಣ್ಣದ ಅಂಟು ಒಸರಿ ಒಣಗಿರುತ್ತದೆ. ಒಳಗಿನ ದ್ರವ ಒಣಗಿದಂತೆ ಅದರ ತಡೆ ಹೆಚ್ಚುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಬಿಸಿಯೇರಿದ ಮೇಲೆ ಹೇಗೋ ದುಡಿಯುತ್ತದೆ. ಬೆಳಗಿನ ತಕರಾರಿಗೆ ಕಾರಣ ಅದೇ. ಶಾಖ ಪ್ರತಿ 10 ಡಿಗ್ರಿ ಏರಿದರೆ ಇವುಗಳ ಆಯುಸ್ಸು ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನವರ ಲೆಕ್ಕ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರವ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಮದರ್‌ಬೋರ್ಡ್, ಮಾನಿಟರ್‌ಗಳನ್ನು ಕೊಂದವು. ಆ ಕಾಲದ್ದು ಯಾವುದು ಬಂದರೂ ನಾನು ಮೊದಲು ನೆತ್ತಿ ನೋಡುತ್ತೇನೆ. ಹೊಸದು ಹಾಕುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟ್, 105 ಡಿಗ್ರಿ ತಾಳುವ ಜಾತಿ. ಬಿಳಿ ಪಟ್ಟಿಯ ಕಡೆ ಋಣ, ತಿರುಗಿಸಿ ಹಾಕಿದರೆ ಢಮಾರ್. ಸಾಮಾನಿನ ಬೆಲೆ ಕೆಲವೇ ರೂಪಾಯಿ, ಮಾನಿಟರ್ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ.

ಇದನ್ನು ಓದಿ ಮನೆಯಲ್ಲೇ ಬಿಚ್ಚಲು ಹೊರಡಬೇಡಿ, ಕೈಮುಗಿದು ಹೇಳುತ್ತೇನೆ. ಅದೇ ಬೋರ್ಡಿನ ದೊಡ್ಡ ಡಬ್ಬಿಯಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಳೆಯ ಗೂಡಿನಂಥ ಸಿಆರ್‌ಟಿ ಮಾನಿಟರ್ ಆದರೆ ಅದರ ಗಾಜಿನ ಕೊಳವೆಗೆ 25,000 ವೋಲ್ಟ್‌ವರೆಗೆ.

ಗೆರೆಗಳ ವಿಷಯದಲ್ಲಿ ಮಾತ್ರ ನನ್ನ ಬಳಿ ಒಳ್ಳೆಯ ಸುದ್ದಿ ಕಡಿಮೆ. ಪರದೆಯಲ್ಲಿ ಗೆರೆ, ಚೌಕಳಿ, ಬಣ್ಣದ ಚುಕ್ಕೆಗಳಿವೆ ಎಂದು ಜನ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ನಾನು ಸ್ಕ್ರೀನ್‌ಶಾಟ್ ಕೇಳುತ್ತೇನೆ. ಕಂಪ್ಯೂಟರಿನಲ್ಲೇ ತೆಗೆದ ಸ್ಕ್ರೀನ್‌ಶಾಟ್ ನನ್ನ ಮೊಬೈಲಿನಲ್ಲಿ ತೆರೆದಾಗಲೂ ಗೆರೆ ಇದ್ದರೆ ಗ್ರಾಫಿಕ್ಸ್ ಕಾರ್ಡೋ ಡ್ರೈವರೋ ಕೆಟ್ಟಿದೆ. ಸ್ಕ್ರೀನ್‌ಶಾಟ್ ಚೊಕ್ಕಟವಾಗಿದ್ದು, ಮೆನುವಿನ ಮೇಲೂ ಹಾದುಹೋಗುವ ಒಂದೇ ಜಾಗದ ಉದ್ದಗೆರೆಯಾದರೆ ಅದು ಪ್ಯಾನೆಲ್‌ನದು. ಗಾಜಿನ ಅಂಚಿಗೆ ಕೂದಲಿಗಿಂತ ಸಣ್ಣ ತಂತಿಗಳಿರುವ ತೆಳು ಹಾಳೆಗಳನ್ನು ಅಂಟಿಸಿರುತ್ತಾರೆ, ಅದಕ್ಕೆ ನಾವು ಟ್ಯಾಬ್ ಎನ್ನುತ್ತೇವೆ. ಅದರ ಅಂಟು ಬಿಟ್ಟರೆ ಆ ಗೆರೆ. ಅಂಚನ್ನು ಒತ್ತಿದರೆ ಮಾಯವಾಗುತ್ತದೆ, ಕೈ ಬಿಟ್ಟರೆ ಬರುತ್ತದೆ. ಫ್ರೇಮಿನ ಸಂದಿಗೆ ಕಾಗದ ಮಡಚಿ ತುರುಕಿ ದುಡ್ಡು ಪಡೆಯುವವರಿದ್ದಾರೆ, ಅದು ಬಾಳುವುದಿಲ್ಲ. ಟ್ಯಾಬ್ ಅಂಟಿಸುವ ಯಂತ್ರ ನಮ್ಮಂಥ ಅಂಗಡಿಯಲ್ಲಿಲ್ಲ, ಬೇರೆ ಪ್ಯಾನೆಲ್ ಹಾಕಿದರೆ ಹೊಸ ಮಾನಿಟರ್‌ನ ಬೆಲೆಯ ಹತ್ತಿರ ಹೋಗುತ್ತದೆ. ಇಲ್ಲಿ ಮಾತ್ರ 'ಪ್ಯಾನೆಲ್ ಹೋಗಿದೆ' ಎಂಬ ಮಾತು ಸತ್ಯ. ಅಂಥದ್ದರ ಪವರ್ ಬೋರ್ಡ್, ಎಲ್‌ಇಡಿ ಪಟ್ಟಿಗಳನ್ನು ಬಿಚ್ಚಿಟ್ಟು ಇನ್ನೊಂದನ್ನು ಬದುಕಿಸುತ್ತೇನೆ.

ಈ ಗೆರೆಗಳಲ್ಲಿ ಎಷ್ಟೋ ನಾವೇ ತಂದುಕೊಳ್ಳುವಂಥವು. ಕಿಟಕಿ ಗಾಜು ಒರೆಸುವ ದ್ರವವನ್ನು ಪರದೆಗೆ ನೇರ ಚಿಮುಕಿಸುತ್ತಾರೆ, ಅದು ಜಾರಿ ಕೆಳ ಅಂಚಿನ ಸಂದಿಗೆ ಇಳಿದು ಟ್ಯಾಬ್ ತಿನ್ನುತ್ತದೆ. ಮೆತ್ತನೆಯ ಬಟ್ಟೆಗೆ ತುಸು ನೀರು ತಾಗಿಸಿ, ಆಫ್ ಮಾಡಿದ ಪರದೆಯನ್ನು ಒತ್ತದೆ ಒರೆಸಿದರೆ ಸಾಕು.

ಅಕ್ಷರ ಮಸುಕು ಎಂಬ ದೂರು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷಿನವರಿಗಿಂತ ಹೆಚ್ಚು ಕಾಡುತ್ತದೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು, ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಒತ್ತಕ್ಷರ ಬೇರೆ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತದೆ. 1920×1080ರ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಕಂಪ್ಯೂಟರ್ ಅಷ್ಟೇ ಚುಕ್ಕೆಗಳನ್ನು ಕಳಿಸಿದರೆ ಒಂದಕ್ಕೊಂದು ಕೂಡಿ ಅಕ್ಷರ ಚೂಪಾಗಿರುತ್ತದೆ. ಯಾರೋ ಅಕ್ಷರ ದೊಡ್ಡದಾಗಲಿ ಎಂದು ರೆಸಲ್ಯೂಷನ್ ಇಳಿಸಿಬಿಟ್ಟರೆ ಮಾನಿಟರ್ ಎಳೆದು ಹಿಗ್ಗಿಸಬೇಕು, ಆಗ ಸೀಳು, ಗೆರೆ, ಒತ್ತು ಎಲ್ಲ ಮೆತ್ತಿಕೊಳ್ಳುತ್ತವೆ. ಠ ಅಕ್ಷರವನ್ನು ದೊಡ್ಡದಾಗಿ ಟೈಪ್ ಮಾಡಿ ನೋಡಿ. ಅಡ್ಡಕ್ಕೆ ಹಿಗ್ಗಿದ್ದರೆ ರೆಸಲ್ಯೂಷನ್ ತಪ್ಪಿದೆ. ಸೆಟ್ಟಿಂಗ್ಸ್‌ನಲ್ಲಿ 'ರೆಕಮೆಂಡೆಡ್' ಎಂದಿರುವುದನ್ನೇ ಇಡಿ, ಅಕ್ಷರ ದೊಡ್ಡದು ಬೇಕಾದರೆ ಸ್ಕೇಲ್ ಹೆಚ್ಚಿಸಿ. ವಿಜಿಎ ಇದ್ದರೆ ಇನ್ನೊಂದು ಕೆಲಸ: ಪೂರ್ತಿ ಬಿಳಿ ಪುಟದಲ್ಲಿ ಅಕ್ಷರ ತುಂಬಿರುವಾಗ ಆಟೊ ಬಟನ್ ಒತ್ತಿ. ಕಪ್ಪು ಪರದೆಯಲ್ಲಿ ಒತ್ತಿದರೆ ಚಿತ್ರದ ಅಂಚು ಸಿಗದೆ ಅದು ಇನ್ನೂ ತಪ್ಪಾಗಿ ಕೂರಿಸುತ್ತದೆ. ವಯಸ್ಸಾದ ಕರಡು ತಿದ್ದುವವರೊಬ್ಬರು ಕನ್ನಡಕದ ನಂಬರ್ ಹೆಚ್ಚಾಯಿತೆಂದು ಕೊರಗುತ್ತಿದ್ದರು. ಆಟೊ ಒತ್ತಿದ ಮೇಲೆ ಧ ಧವಾಗಿಯೇ ಕಂಡಿತು.

ಪರದೆ ನೋಡಿ ತಲೆನೋವು ಬರುತ್ತದೆ ಎನ್ನುವವರು ಮೊಬೈಲ್ ಕ್ಯಾಮೆರಾ ತೆರೆದು ಪರದೆಯತ್ತ ಹಿಡಿಯಿರಿ. ಕಪ್ಪು ಪಟ್ಟಿಗಳು ಓಡುತ್ತಿದ್ದು, ಮಾನಿಟರ್‌ನ ಬ್ರೈಟ್‌ನೆಸ್ 100ಕ್ಕೆ ಏರಿಸಿದಾಗ ಅವು ಮಾಯವಾದರೆ, ನಿಮ್ಮ ಮಾನಿಟರ್ ಬೆಳಕನ್ನು ಬೇಗಬೇಗ ಆರಿಸಿ ಹೊತ್ತಿಸಿ ಮಂದ ಮಾಡುತ್ತಿದೆ. ಬ್ರೈಟ್‌ನೆಸ್ ತುಸು ಮೇಲಿಟ್ಟು ಕೋಣೆಯಲ್ಲೂ ದೀಪ ಹಾಕಿಕೊಳ್ಳುವುದು ಒಳ್ಳೆಯದು. ವಿಜಿಎ ಪರದೆಯಲ್ಲಿ ಮಸುಕಾದ ಅಡ್ಡಪಟ್ಟಿಯೊಂದು ನಿಧಾನವಾಗಿ ಮೇಲೆ ಹರಿಯುತ್ತಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ನೋಡಿಸಿ.

ಏಪ್ರಿಲ್–ಮೇ ತಿಂಗಳ ಸಿಡಿಲಿನ ಮಳೆ ಬಂದ ಮರುದಿನ ನನ್ನ ಅಂಗಡಿಯಲ್ಲಿ ಸಾಲು. ಸ್ವಿಚ್ ಆಫ್ ಮಾಡಿದ್ದೆವು ಎನ್ನುತ್ತಾರೆ, ಆದರೆ ನೆಟ್‌ನ ತಂತಿ ಚುಚ್ಚಿಯೇ ಇರುತ್ತದೆ. ಸಿಡಿಲಿನ ಹೊಡೆತ ಅದರಲ್ಲಿ ಬಂದು, ಸಿಪಿಯು ದಾಟಿ, ಚಿತ್ರದ ಕೇಬಲ್ ಹಿಡಿದು ಮಾನಿಟರ್‌ಗೂ ಇಳಿಯುತ್ತದೆ. ಎಚ್‌ಡಿಎಂಐ ಕಿಂಡಿ ಮಾತ್ರ ಸತ್ತು ವಿಜಿಎ ಬದುಕಿರುವುದುಂಟು, ಹಾಗಾಗಿ ಎಸೆಯುವ ಮೊದಲು ಇನ್ನೊಂದು ಕಿಂಡಿಯಲ್ಲಿ ನೋಡಿ. ಮುಂದಿನ ಸಲ ಮೋಡ ಕಟ್ಟುವಾಗಲೇ ಕರೆಂಟಿನ ಪ್ಲಗ್ ಮತ್ತು ನೆಟ್‌ನ ತಂತಿ ಎರಡನ್ನೂ ಕಳಚಿಡಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ.